ಚಲನ್ ಕೈಲಿದೆ, ಟ್ಯಾಕ್ಸ್ ಮಾತ್ರ ಹೋಗಿಲ್ಲ!

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ಸೇರಿಸಿ ನೋಡಿದ್ರೆ ಬಹುಪಾಲು ನೋಟಿಸಿನದ್ದೇ ಗಲಾಟೆ. ಮುಂಬಯಿ, ಪುಣೆ, ಗೋವಾ ಮೂರೂ ಕಡೆಯಿಂದ ಬಂದಿದೆ. ಬೇರೆಯವರಿಗೂ ಉಪಯೋಗ ಆಗೋ ಕೆಲವನ್ನ ಮಾತ್ರ ಆರಿಸಿದ್ದೀನಿ, ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಮಸ್ಕಾರ ಸರ್. ಡೊಂಬಿವಲಿ ಸ್ಟೇಷನ್ ಹತ್ರ ನಮ್ದೊಂದು ಸಣ್ಣ ಹೋಟೆಲ್ ಉಂಟು, ಊರು ಕುಂದಾಪುರ ಕಡೆ. ಜಿಎಸ್‌ಟಿ ಕೆಲಸ ಎಲ್ಲ ಒಬ್ಬ ಕನ್ಸಲ್ಟೆಂಟ್ ನೋಡ್ತಿದ್ದ. ತಿಂಗಳು ತಿಂಗಳು 5 ಪರ್ಸೆಂಟ್ ಲೆಕ್ಕ ಹಾಕಿ ಹತ್ರ ಹತ್ರ 40 ಸಾವಿರ ತಕೊಂಡು ಹೋಗ್ತಿದ್ದ, ಚಲನ್ ಪ್ರಿಂಟ್ ತಂದು ಕೊಡ್ತಿದ್ದ, ನಾನು ಎಲ್ಲ ಫೈಲಲ್ಲಿ ಹಾಕಿ ಇಟ್ಟಿದ್ದೇನೆ. ಈಗ ಬ್ಯಾಂಕಿನವರು ಲೋನಿಗೆ ರಿಟರ್ನ್ ಕೇಳಿದಾಗ ನೋಡಿದ್ರೆ ಒಂದು ವರ್ಷದಿಂದ ಬರೀ ನಿಲ್ ರಿಟರ್ನ್, ಅಂದ್ರೆ ವ್ಯಾಪಾರವೇ ಇಲ್ಲ ಅಂತ ಹಾಕಿದ್ದಾನೆ! ಅವನ ಫೋನ್ ಸ್ವಿಚ್ ಆಫ್. ಇಲಾಖೆಯಿಂದ ಇನ್ನೂ ಎಂತದ್ದೂ ಬಂದಿಲ್ಲ. ನಾನು ದುಡ್ಡು ಕೊಟ್ಟಿದ್ದೇನಲ್ಲ ಸರ್, ತಪ್ಪು ಅವನದ್ದಲ್ವ? ಜೈಲು ಗೀಲು ಉಂಟಾ?

ಉತ್ತರ: ಜೈಲಿನ ಹೆದರಿಕೆ ಮೊದಲು ಬಿಡಿ. ಗಿರಾಕಿ ಹತ್ರ ವಸೂಲಿ ಮಾಡಿದ ಟ್ಯಾಕ್ಸನ್ನ ಮೂರು ತಿಂಗಳು ಮೀರಿ ಕಟ್ಟದೆ ಇಟ್ಕೊಳ್ಳೋದು ಜಿಎಸ್‌ಟಿ ಕಾಯ್ದೆಯ 132ನೇ ಸೆಕ್ಷನ್‌ನಲ್ಲಿ ಕ್ರಿಮಿನಲ್ ಅಪರಾಧ ಹೌದು, ಆದ್ರೆ ಕೇಸ್ ಆಗ್ಬೇಕಾದ್ರೆ ಟ್ಯಾಕ್ಸ್ ಮೊತ್ತ 2 ಕೋಟಿ ದಾಟಬೇಕು. 5 ಪರ್ಸೆಂಟ್ ಲೆಕ್ಕದಲ್ಲಿ ಅದು 40 ಕೋಟಿ ವ್ಯಾಪಾರ. ಅಷ್ಟು ಇಡ್ಲಿ ನೀವು ಮಾರಿರ್ಲಿಕ್ಕಿಲ್ಲ.

ಆದ್ರೆ ತಪ್ಪು ಅವನದ್ದಲ್ವ ಅಂತ ಕೇಳಿದ್ದೀರಲ್ಲ, ಅದಕ್ಕೆ ಇಲಾಖೆ ಕಿವಿ ಕೊಡಲ್ಲ ಮಾರಾಯ್ರೇ. ಜಿಎಸ್‌ಟಿ ನಂಬರ್ ಯಾರ ಹೆಸರಲ್ಲಿದ್ಯೋ ಬಾಕಿ ಅವರದ್ದೇ. ಕನ್ಸಲ್ಟೆಂಟ್ ಮೇಲೆ ಪೊಲೀಸ್ ಕಂಪ್ಲೇಂಟ್ ಖಂಡಿತ ಕೊಡಿ, ಅವನ ವಾಟ್ಸಾಪ್ ಮೆಸೇಜ್ ಒಂದನ್ನೂ ಡಿಲೀಟ್ ಮಾಡ್ಬೇಡಿ, ಆದ್ರೆ ಆ ಕೇಸ್ ಮುಗಿಯೋ ತನಕ ಟ್ಯಾಕ್ಸ್ ಕಾಯಲ್ಲ, ಬಡ್ಡಿ ಓಡ್ತಾನೇ ಇರುತ್ತೆ.

ನೀವು ಕಳಿಸಿದ ಚಲನ್ ಫೋಟೊ ನೋಡಿದೆ. ಅದರಲ್ಲಿ ಮೇಲೆ ಸಿಪಿಐಎನ್ ಅಂತ 14 ಅಂಕಿಯ ನಂಬರ್ ಇದೆ, ಅಷ್ಟೇ. ಪೋರ್ಟಲಲ್ಲಿ ಚಲನ್ ತಯಾರು ಮಾಡಿದ ಕೂಡ್ಲೇ ಆ ನಂಬರ್ ಬರುತ್ತೆ, ಒಂದು ಪೈಸೆ ಕಟ್ಟದಿದ್ರೂ ಬರುತ್ತೆ, 15 ದಿನ ಆದ್ಮೇಲೆ ಅದು ತಾನಾಗೇ ಸತ್ತು ಹೋಗುತ್ತೆ. ದುಡ್ಡು ನಿಜವಾಗ್ಲೂ ಬ್ಯಾಂಕಿಗೆ ಹೋದ್ರೆ ಮಾತ್ರ ಸಿಐಎನ್ ಅಂತ 17 ಅಂಕಿ-ಅಕ್ಷರದ ಇನ್ನೊಂದು ನಂಬರ್ ಹುಟ್ಟೋದು. ನಿಮ್ಮ ಫೋಟೊದಲ್ಲಿ ಒಂದ್ರಲ್ಲೂ ಸಿಐಎನ್ ಇಲ್ಲ. ಅಂದ್ರೆ ಅವನು ಮನೇಲಿ ಕೂತು ಚಲನ್ ಪ್ರಿಂಟ್ ತೆಗ್ದಿದ್ದಾನೆ, ಆಮೇಲೆ ದುಡ್ಡು ಜೇಬಿಗೆ. ಹೋಟೆಲ್ ನಡೆಸೋ ಬೇರೆಯವರೂ ಇವತ್ತೇ ಒಮ್ಮೆ ನಿಮ್ಮ ಫೈಲ್ ತೆಗ್ದು ಸಿಐಎನ್ ಉಂಟಾ ನೋಡಿ.

ಈಗ ಲೆಕ್ಕ. ತಿಂಗಳಿಗೆ 40 ಸಾವಿರ ಅಂದ್ರೆ ವರ್ಷಕ್ಕೆ 4,80,000. ಅದರ ಮೇಲೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ, ಹಳೆ ತಿಂಗಳಿಗೆ ಜಾಸ್ತಿ ಹೊಸ ತಿಂಗಳಿಗೆ ಕಡಿಮೆ, ಒಟ್ಟು ಹೆಚ್ಚುಕಮ್ಮಿ 47 ಸಾವಿರ. ನಿಲ್ ಆದ್ರೂ ಟೈಮಿಗೆ ಫೈಲ್ ಆಗಿರೋದ್ರಿಂದ ಲೇಟ್ ಫೀ ಇಲ್ಲ, ಅದೊಂದು ವಿಚಿತ್ರ ಸಮಾಧಾನ. ದಂಡದ ವಿಷಯಕ್ಕೆ ಬಂದ್ರೆ, 2024-25ರಿಂದ ಈಚೆಯ ಲೆಕ್ಕಕ್ಕೆ 74ಎ ಅನ್ನೋ ಸೆಕ್ಷನ್. ಮೋಸದ ಉದ್ದೇಶ ಇಲ್ಲ ಅಂತಾದ್ರೆ ನೋಟಿಸಿಗೆ ಮೊದ್ಲೇ ಕಟ್ಟಿದವರಿಗೆ ಸಾಮಾನ್ಯವಾಗಿ ದಂಡ ಇಲ್ಲ, ಆದ್ರೆ ಗಿರಾಕಿಯಿಂದ ವಸೂಲಿ ಮಾಡಿದ ಟ್ಯಾಕ್ಸ್ ಆದ್ರೆ ಆ ರಿಯಾಯಿತಿ ಸಿಗಲ್ಲ, 10 ಪರ್ಸೆಂಟ್ ಅಥವಾ 10 ಸಾವಿರ, ಯಾವುದು ಜಾಸ್ತಿಯೋ ಅದು. ಬೇಕಂತಲೇ ಮುಚ್ಚಿಟ್ಟಿದ್ದು ಅಂತ ಅವರು ಹಿಡಿದ್ರೆ ನೋಟಿಸಿಗೆ ಮೊದಲು ಕಟ್ಟಿದವನಿಗೆ 15 ಪರ್ಸೆಂಟ್, ನೋಟಿಸ್ ಬಂದು 60 ದಿನದೊಳಗೆ ಆದ್ರೆ 25, ಆರ್ಡರ್ ಆಗಿ 60 ದಿನದೊಳಗೆ 50, ಅದೂ ದಾಟಿದ್ರೆ ಟ್ಯಾಕ್ಸಿನಷ್ಟೇ ದಂಡ. ನಿಮ್ಮ ಲೆಕ್ಕದಲ್ಲಿ ಈಗ ಓಡಿದ್ರೆ 48 ಸಾವಿರದಿಂದ 72 ಸಾವಿರ, ಸುಮ್ನೆ ಕೂತ್ರೆ 4,80,000. ಚಿನ್ನ ಅಡವಿಟ್ಟಾದ್ರೂ ಈಗ್ಲೇ ಡಿಆರ್‌ಸಿ-03 ಅನ್ನೋ, ತಾವಾಗೇ ಬಾಕಿ ಕಟ್ಟೋ ಫಾರ್ಮಲ್ಲಿ ಟ್ಯಾಕ್ಸು ಬಡ್ಡಿ ಕಟ್ಟಿಬಿಡಿ ಅಂತ ನಾನು ಹೇಳೋದು ಅದಕ್ಕೇ. ಗೊತ್ತಾಗ್ಲಿಕ್ಕಿಲ್ಲ ಅಂತ ಮಾತ್ರ ಅಂದ್ಕೋಬೇಡಿ, ಯುಪಿಐ ಲೆಕ್ಕ ನೋಡಿ 2025ರ ಜುಲೈಯಲ್ಲಿ ಬೆಂಗಳೂರಿನ ಸಣ್ಣ ಸಣ್ಣ ಅಂಗಡಿಯವರಿಗೂ ನೋಟಿಸ್ ಹೋಯ್ತಲ್ಲ, ಮರ್ತಿಲ್ಲ ತಾನೆ.

ಇನ್ನೊಂದು, ಇಲಾಖೆಯಿಂದ ಏನೂ ಬಂದಿಲ್ಲ ಅಂತ ಹೇಗೆ ಹೇಳ್ತೀರಿ? ರಿಜಿಸ್ಟ್ರೇಶನ್ ಮಾಡುವಾಗ ಮೊಬೈಲ್ ನಂಬರ್, ಈಮೇಲ್ ಅವನದ್ದೇ ಕೊಟ್ಟಿರ್ತಾನೆ. ಪೋರ್ಟಲಿಗೆ ಹಾಕಿದ್ರೆ ನೋಟಿಸ್ ಕೊಟ್ಟ ಹಾಗೇ ಲೆಕ್ಕ, ಪೋಸ್ಟ್‌ಮ್ಯಾನ್ ಬರಲ್ಲ. ಲಾಗಿನ್ ಆಗಿ ಸರ್ವಿಸಸ್, ಅದರೊಳಗೆ ಯೂಸರ್ ಸರ್ವಿಸಸ್, ಅಲ್ಲಿ ಅಡಿಷನಲ್ ನೋಟಿಸಸ್ ಅಂಡ್ ಆರ್ಡರ್ಸ್ ಅಂತ ಮೂಲೆಯಲ್ಲೊಂದು ಲಿಂಕ್ ಇರುತ್ತೆ, ಎಷ್ಟೋ ಜನರ ನೋಟಿಸು ಅಲ್ಲೇ ತಿಂಗಳುಗಟ್ಟಲೆ ಮಲಗಿರುತ್ತೆ. ಮೊದ್ಲು ಅದನ್ನ ನೋಡಿ.

ಪ್ರಶ್ನೆ: ನಮಸ್ಕಾರ್ರೀ ಸರ್. ನಾವು ಬಾಗಲಕೋಟಿ ಕಡೇವ್ರು, ವಾಸ್ಕೋದಾಗ ಲೇಬರ್ ಕಾಂಟ್ರಾಕ್ಟ್ ಮಾಡ್ತೀನಿ. ವರ್ಷಕ್ಕ 30 ಲಕ್ಷದ ತನಕ ಬಿಲ್ ಆಗತೈತಿ, ಆದ್ರ ಕೂಲಿ, ಊಟ, ಗಾಡಿ ಎಲ್ಲಾ ತಗದ್ರ ಕೈಯಾಗ ಎರಡು ಎರಡೂವರೆ ಲಕ್ಷ ಉಳದ್ರ ದೊಡ್ಡದು. ಬಿಲ್ಡರ್ ಕಂಪನಿಯವ್ರು 1 ಪರ್ಸೆಂಟ್ ಟಿಡಿಎಸ್ ಹಿಡೀತಾರ, ಅದಕ್ಕ ಟ್ಯಾಕ್ಸ್ ಮುಗೀತು ಅಂತ ತಿಳ್ಕೊಂಡು ನಾಕು ವರ್ಷದಿಂದ ಒಂದೂ ರಿಟರ್ನ್ ಹಾಕಿಲ್ಲ. ಈಗ ಊರವ್ರೊಬ್ರು ರಿಟರ್ನ್ ಹಾಕದಿದ್ರ ಏಳು ವರ್ಷ ಜೇಲು ಅಂತ ಹೆದರ್ಸ್ಯಾರ. ಖರೇನ ಏನ್ರೀ?

ಉತ್ತರ: ಏಳು ವರ್ಷ ಅನ್ನೋದು ಸುಳ್ಳಲ್ಲ, ಆದ್ರೆ ಅದು ನಿಮಗಲ್ಲ. ಇನ್‌ಕಮ್ ಟ್ಯಾಕ್ಸ್ ಕಾಯ್ದೆ 1961ರ 276ಸಿಸಿ ಸೆಕ್ಷನ್ ಅದು, ತಪ್ಪಿಸಿದ ಟ್ಯಾಕ್ಸ್ 25 ಲಕ್ಷ ದಾಟಿದ್ರೆ 6 ತಿಂಗಳಿಂದ 7 ವರ್ಷ, ಅದಕ್ಕಿಂತ ಕಡಿಮೆ ಆದ್ರೆ 3 ತಿಂಗಳಿಂದ 2 ವರ್ಷ ಅಂತಿತ್ತು. ಆದ್ರೆ ಟಿಡಿಎಸ್ ಎಲ್ಲ ಕಳೆದು ಬಾಕಿ ಟ್ಯಾಕ್ಸ್ 10 ಸಾವಿರ ದಾಟದಿದ್ರೆ ಕೇಸೇ ಹಾಕೋ ಹಾಗಿಲ್ಲ. ನಿಮಗೆ ಉಳಿಯೋದು ಎರಡೂವರೆ ಲಕ್ಷ, ಅದಕ್ಕೆ ಟ್ಯಾಕ್ಸೇ ಇಲ್ಲ. ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಅಂತ ಗಾಬರಿ ಆಗ್ಬೇಡಿ, ಹಿಂದಿನ ವರ್ಷಗಳ ಲೆಕ್ಕಕ್ಕೆ ಹಳೇದೇ.

ಹಾಗಂತ ರಿಟರ್ನ್ ಬೇಡ ಅಂತಲ್ಲ. ವರ್ಷಕ್ಕೆ 25 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಟಿಡಿಎಸ್ ಹಿಡಿದಿದ್ರೆ ಆದಾಯ ಎಷ್ಟೇ ಕಡಿಮೆ ಇದ್ರೂ ರಿಟರ್ನ್ ಹಾಕ್ಲೇಬೇಕು ಅಂತ 2022ರಲ್ಲೇ ರೂಲ್ ಬಂದಿದೆ, ನಿಮ್ಮದು 30 ಸಾವಿರ. ತಡವಾಗಿ ಹಾಕಿದ್ರೆ ಆದಾಯ 5 ಲಕ್ಷದೊಳಗಿನವರಿಗೆ 1 ಸಾವಿರ, ಮೇಲಿನವರಿಗೆ 5 ಸಾವಿರ ಲೇಟ್ ಫೀ. ನನಗೆ ಬೇಜಾರಾಗೋದು ಈ ದಂಡಕ್ಕಲ್ಲ. ನಾಲ್ಕು ವರ್ಷಕ್ಕೆ 1,20,000 ಟಿಡಿಎಸ್ ಸರ್ಕಾರದ ಹತ್ರ ಕೂತಿದೆ, ಅದು ನಿಮ್ಮ ದುಡ್ಡು, ಟೈಮಿಗೆ ರಿಟರ್ನ್ ಹಾಕಿದ್ರೆ ಅಷ್ಟೂ ವಾಪಸ್ ಬರ್ತಿತ್ತು. ಜನ ಅಪ್‌ಡೇಟೆಡ್ ರಿಟರ್ನ್ ಹಾಕಿ ಅಂತಾರೆ, ಅದು ಹೆಚ್ಚು ಟ್ಯಾಕ್ಸ್ ಕಟ್ಟೋರಿಗೆ ಮಾತ್ರ, ಅದರಲ್ಲಿ ರಿಫಂಡ್ ಕೇಳೋಕಾಗಲ್ಲ. ನಿಮಗಿರೋ ದಾರಿ ಅಂದ್ರೆ ಅದೇ 1961ರ ಕಾಯ್ದೆಯ 119(2)(ಬಿ) ಸೆಕ್ಷನ್ ಕೆಳಗೆ ತಡ ಮನ್ನಿಸಿ ಅಂತ ಅರ್ಜಿ, ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮುಂದಿನ ವರ್ಷ) ಮುಗಿದು 5 ವರ್ಷದೊಳಗೆ ಕೇಳ್ಬಹುದು, ಕಾರಣ ಒಪ್ಪೋದು ಬಿಡೋದು ಅವರ ಕೈಲಿದೆ. ಹಳೇ ವರ್ಷದ್ದು ಮೊದ್ಲು ಹಾಕಿ.

ಈಗ ನೀವು ಕೇಳದೇ ಇರೋ ವಿಷಯ, ಅಲ್ಲೇ ಪೆಟ್ಟು ಬೀಳೋದು. ಲೇಬರ್ ಕೊಡೋದು ಸರ್ವಿಸ್, ಸರ್ವಿಸಿಗೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ರಿಜಿಸ್ಟ್ರೇಶನ್ ಬೇಕು, ರೇಟು 18 ಪರ್ಸೆಂಟ್. 30 ಲಕ್ಷಕ್ಕೆ ವರ್ಷಕ್ಕೆ 5,40,000! ರಿಜಿಸ್ಟ್ರೇಶನ್ ಮಾಡದೆ ಇದ್ದಿದ್ದಕ್ಕೆ ದಂಡ 10 ಸಾವಿರ ಅಥವಾ ತಪ್ಪಿಸಿದ ಟ್ಯಾಕ್ಸಿನಷ್ಟು, ಯಾವುದು ದೊಡ್ಡದೋ ಅದು. ಆದ್ರೆ ಒಬ್ಬರ ಬಿಡಿ ಮನೆ ಕಟ್ಟೋಕೆ ಬರೀ ಲೇಬರ್ ಕೊಟ್ಟಿದ್ರೆ ಅದಕ್ಕೆ ಜಿಎಸ್‌ಟಿ ಇಲ್ಲ, ಫ್ಲಾಟಿನ ಬಿಲ್ಡಿಂಗಿಗೆ ಇದೆ. ಹಳೇ ಬಿಲ್ಲುಗಳನ್ನ ಸೈಟ್ ಸೈಟ್ ಪ್ರಕಾರ ಬೇರೆ ಮಾಡಿ, ಮಡಗಾಂವ್ ಅಥವಾ ಪಣಜಿಯಲ್ಲಿ ಒಬ್ಬ ಒಳ್ಳೆ ಸಿಎ ಮುಂದೆ ಇಡಿ, ಇನ್‌ಕಮ್ ಟ್ಯಾಕ್ಸ್ ಅರ್ಜಿ ಹಾಕೋಕೆ ಮೊದ್ಲೇ ಇದು ಆಗ್ಲಿ, ಯಾಕಂದ್ರೆ ಅಲ್ಲಿ 30 ಲಕ್ಷ ಅಂತ ತೋರ್ಸಿದ ಕೂಡ್ಲೇ ಇಲ್ಲೂ ಕಾಣುತ್ತೆ.

ಪ್ರಶ್ನೆ: ಭೋಸರಿಯಲ್ಲಿ ನಂದು ಫ್ಯಾಬ್ರಿಕೇಶನ್ ವರ್ಕ್‌ಶಾಪ್. ದೊಡ್ಡ ಕಂಪನಿಯವರು ಪೇಮೆಂಟ್ ತಡ ಮಾಡಿದ್ರು ಅಂತ ಎರಡು ತಿಂಗಳು ಜಿಎಸ್‌ಟಿಆರ್-3ಬಿ, ಅಂದ್ರೆ ತಿಂಗಳ ಜಿಎಸ್‌ಟಿ ರಿಟರ್ನ್, ಹಾಕಿಲ್ಲ. ಮಾಲು ಸಾಗಿಸೋಕೆ ಬೇಕಾದ ಇ-ವೇ ಬಿಲ್ ಬ್ಲಾಕ್ ಆಗಿದೆ. ಅರ್ಜೆಂಟ್ ಮಾಲು 3 ಲಕ್ಷದ್ದು ಬೆಳಗಾವಿಗೆ ಕಳಿಸ್ಬೇಕು, ಡ್ರೈವರ್ ರಾತ್ರಿ ಹೋದ್ರೆ ಚೆಕಿಂಗ್ ಇರಲ್ಲ ಅಂತಾನೆ. ಏನಂತೀರಿ?

ಉತ್ತರ: ಡ್ರೈವರ್ ಮಾತು ಕೇಳ್ಬೇಡಿ ಅಂತೀನಿ. ಹೈವೇಲಿ ಹಿಡಿದ್ರೆ 129ನೇ ಸೆಕ್ಷನ್, ಮಾಲಿನ ಮೇಲಿನ ಟ್ಯಾಕ್ಸಿನ ಎರಡು ಪಟ್ಟು ದಂಡ. 3 ಲಕ್ಷಕ್ಕೆ 18 ಪರ್ಸೆಂಟ್ ಅಂದ್ರೆ 54 ಸಾವಿರ, ದಂಡ 1,08,000, ಅದು ಕಟ್ಟೋ ತನಕ ಅಥವಾ ಗ್ಯಾರಂಟಿ ಕೊಡೋ ತನಕ ಗಾಡಿ ಮಾಲು ಎರಡೂ ಅಲ್ಲೇ.

ಅದೇ ರಿಟರ್ನ್ ಹಾಕೋಕೆ ಎಷ್ಟು ಖರ್ಚು ಅಂತ ನೋಡಿ. 2 ಲಕ್ಷ ಟ್ಯಾಕ್ಸ್ 40 ದಿನ ತಡ ಅಂತಿಟ್ಕೊಳ್ಳಿ, ಬಡ್ಡಿ ನಾಲ್ಕು ಸಾವಿರದ ಒಳಗೆ, ಲೇಟ್ ಫೀ ದಿನಕ್ಕೆ 50ರಂತೆ 2 ಸಾವಿರ. ಟರ್ನ್‌ಓವರ್ 1.5 ಕೋಟಿ ಒಳಗಿದ್ರೆ ಒಂದು ರಿಟರ್ನಿಗೆ ಲೇಟ್ ಫೀ 2 ಸಾವಿರ ದಾಟೋದೂ ಇಲ್ಲ. ಆರು ಸಾವಿರದಲ್ಲಿ ಮುಗಿಯೋದಕ್ಕೆ ಲಕ್ಷದ ರಿಸ್ಕ್ ಯಾಕೆ? ಕಷ್ಟ ಎಲ್ಲಿ ಅಂದ್ರೆ 3ಬಿ ಪೂರ್ತಿ ಟ್ಯಾಕ್ಸ್ ಕಟ್ಟದೆ ಫೈಲ್ ಆಗಲ್ಲ, ಅರ್ಧ ಕಟ್ತೀನಿ ಅಂದ್ರೆ ಪೋರ್ಟಲ್ ಬಿಡಲ್ಲ, ನನ್ನ ಪ್ರಕಾರ ಈ ಕಾನೂನಿನ ಅತಿ ಕೆಟ್ಟ ಭಾಗ ಇದೇ. ಮುಂದಿನ ಸಲ ಇದೊಂದು ಮಾಡಿ: ಪೂರ್ತಿ ಇಲ್ಲದಿದ್ರೂ ಕೈಲಿದ್ದಷ್ಟನ್ನ ಕೊನೇ ದಿನಾಂಕದೊಳಗೆ ಪೋರ್ಟಲಲ್ಲಿರೋ ನಿಮ್ಮ ಕ್ಯಾಶ್ ಲೆಡ್ಜರಿಗೆ ಹಾಕಿಡಿ, ಫೈಲ್ ಮಾಡೋ ತನಕ ಅಲ್ಲೇ ಇದ್ದ ದುಡ್ಡಿಗೆ ಬಡ್ಡಿ ಬೀಳಲ್ಲ. ರಿಟರ್ನ್ ಹಾಕಿದ್ಮೇಲೆ ಇ-ವೇ ಬಿಲ್ ಬ್ಲಾಕ್ ತಾನಾಗೇ ತೆರೆಯುತ್ತೆ, ಬೆಳಗಾವಿ ಪಾರ್ಟಿಗೆ ಒಂದೆರಡು ದಿನ ತಡೀರಿ ಅನ್ನಿ. ಹಾಗೇ ಎಳೀತಾ ಆರು ತಿಂಗಳು ರಿಟರ್ನ್ ಹಾಕದೆ ಇದ್ರೆ ನಂಬರೇ ಕ್ಯಾನ್ಸಲ್ ಮಾಡಬಹುದು ಅವರು.

ಇನ್ನು ಆ ಪೇಮೆಂಟ್ ಕೊಡದ ದೊಡ್ಡ ಕಂಪನಿ. ನಿಮ್ದು ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ರಿಜಿಸ್ಟ್ರೇಶನ್ ಇದ್ದು ಮೈಕ್ರೋ ಅಥವಾ ಸ್ಮಾಲ್ ಅಂತಿದ್ರೆ 45 ದಿನ ದಾಟಿ (ಅಗ್ರಿಮೆಂಟ್ ಇಲ್ಲದಿದ್ರೆ 15 ದಿನ) ಮಾರ್ಚ್ ಕೊನೆಯೊಳಗೂ ದುಡ್ಡು ಕೊಡದಿದ್ರೆ ಅವರಿಗೆ ಆ ವರ್ಷ ಆ ಖರ್ಚು ಇನ್‌ಕಮ್ ಟ್ಯಾಕ್ಸಲ್ಲಿ ಸಿಗಲ್ಲ, 1961ರ ಕಾಯ್ದೆಯಲ್ಲಿ ಇದು 43ಬಿ(ಎಚ್) ಸೆಕ್ಷನ್. ಮಾರ್ಚಿಗೆ ಮೊದ್ಲು ಅವರ ಅಕೌಂಟ್ಸ್ ಡಿಪಾರ್ಟ್‌ಮೆಂಟಿಗೆ ಉದ್ಯಮ್ ಸರ್ಟಿಫಿಕೇಟ್ ಹಚ್ಚಿ ಒಂದು ಮೇಲ್ ಹಾಕಿ ನೋಡಿ, ಜಗಳಕ್ಕಿಂತ ಇದು ಬೇಗ ಕೆಲಸ ಮಾಡುತ್ತೆ.

ಪ್ರಶ್ನೆ: ನಾನು ಮಾಪ್ಸಾದಲ್ಲಿರೋ ಗೃಹಿಣಿ, ತವರು ಕಾರವಾರ. ಮೈದುನ ನನ್ನ ಪ್ಯಾನ್, ಆಧಾರ್ ತಗೊಂಡು ನನ್ನ ಹೆಸರಲ್ಲಿ ಸ್ಕ್ರ್ಯಾಪ್ ವ್ಯಾಪಾರ ಅಂತ ಜಿಎಸ್‌ಟಿ ಮಾಡ್ಸಿದ್ದ. ಮನೆಯವರು ಹೇಳಿದ್ರು ಅಂತ ಸಹಿ ಹಾಕಿದ್ದೆ. ಈಗ ನೋಟಿಸ್ ಬಂದಿದೆ, ಮಾಲೇ ಇಲ್ಲದೆ ಬಿಲ್ ಕೊಟ್ಟು 11 ಲಕ್ಷದ ಕ್ರೆಡಿಟ್ (ಬಿಲ್ ತಗೊಂಡವರು ತಮ್ಮ ಟ್ಯಾಕ್ಸಲ್ಲಿ ಕಳೆದುಕೊಳ್ಳೋ ಮೊತ್ತ) ದಾಟಿಸಿದ್ದೀರಿ ಅಂತ. ಮೈದುನ ನೀವು ಸುಮ್ನಿರಿ ಅತ್ತಿಗೆ, ನಾನು ನೋಡ್ಕೋತೀನಿ ಅಂತಾನೆ. ನಿದ್ದೆ ಬರ್ತಿಲ್ಲ.

ಉತ್ತರ: ಅಕ್ಕ, ಅವನು ನೋಡ್ಕೊಳ್ಳೋದು ಸಾಕು, ಈಗ ನೀವು ನೋಡ್ಬೇಕು. ಮಾಲಿಲ್ಲದೆ ಬಿಲ್ ಕೊಡೋದನ್ನ ಈ ಕಾಯ್ದೆ ಎಲ್ಲಕ್ಕಿಂತ ಕೆಟ್ಟದಾಗಿ ನೋಡುತ್ತೆ. ತಡ ಮಾಡಿದವನ ಜೊತೆ ಇಲಾಖೆ ಲೆಕ್ಕ ಮಾತಾಡುತ್ತೆ, ಸುಳ್ಳು ಬಿಲ್ ಕೊಟ್ಟವನ ಜೊತೆ ಮಾತಾಡಲ್ಲ. ದಂಡ ದಾಟಿಸಿದ ಕ್ರೆಡಿಟ್ಟಿನಷ್ಟೇ, ಅಂದ್ರೆ 11 ಲಕ್ಷ. ಜೈಲು ಶಿಕ್ಷೆಯ ಕೇಸ್ ಮೊತ್ತ 1 ಕೋಟಿ ದಾಟಿದ್ರೆ, ಸದ್ಯ ನಿಮ್ಮದು ಅದಲ್ಲ, ಆದ್ರೆ ಆ ನಂಬರಲ್ಲಿ ಇನ್ನೂ ಬಿಲ್ ಹರೀತಿದ್ಯಾ ಅನ್ನೋದೇ ನನ್ನ ಭಯ.

ನಿಮಗೆ ಉಪಯೋಗಕ್ಕೆ ಬರೋ ಒಂದು ಮಾತು ಕಾಯ್ದೆಯಲ್ಲೇ ಇದೆ, 122(1ಎ). ಇಂಥ ವ್ಯವಹಾರ ಯಾರು ಹೇಳಿ ನಡೀತೋ, ಲಾಭ ಯಾರ ಕೈಲಿ ಉಳೀತೋ ಅವರಿಗೂ ಅಷ್ಟೇ ದಂಡ. ಹಾಗಾಗಿ ಉತ್ತರದಲ್ಲಿ ನಡೆದದ್ದು ನಡೆದ ಹಾಗೆ ಬರೀಬೇಕು: ಬ್ಯಾಂಕ್ ಖಾತೆ ಯಾರು ನಡೆಸಿದ್ರು, ಓಟಿಪಿ ಯಾರ ಫೋನಿಗೆ ಹೋಗ್ತಿತ್ತು, ದುಡ್ಡು ಯಾವ ಖಾತೆಗೆ ಹೋಯ್ತು. ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್ ತಗೊಳ್ಳಿ, ಸಹಿ ಮಾಡಿಟ್ಟ ಖಾಲಿ ಚೆಕ್ ಅವನ ಹತ್ರ ಇದ್ರೆ ಸ್ಟಾಪ್ ಮಾಡ್ಸಿ. ಪೋರ್ಟಲಿನ ಫೋನ್ ನಂಬರ್ ಅವನದ್ದಾದ್ರೆ ನಿಮ್ಮ ಏರಿಯಾದ ಜಿಎಸ್‌ಟಿ ಆಫೀಸರಿಗೆ ಪ್ಯಾನ್, ಗುರುತಿನ ದಾಖಲೆ ಕೊಟ್ಟು ಬದಲಾಯಿಸೋಕೆ ಕೇಳ್ಬಹುದು, ಆಮೇಲೆ ಪಾಸ್‌ವರ್ಡ್ ನಿಮ್ಮ ಕೈಗೆ ಬರುತ್ತೆ. ನೋಟಿಸಿನಲ್ಲಿ ಕೊಟ್ಟ ದಿನಾಂಕದೊಳಗೆ ವಕೀಲರ ಮೂಲಕ ಉತ್ತರ ಹೋಗ್ಲಿ, ಮುಖತಃ ವಿಚಾರಣೆ ಬೇಕು ಅಂತ ಅದರಲ್ಲೇ ಕೇಳಿ. ಆರ್ಡರ್ ವಿರುದ್ಧ ಆದ್ರೆ ಅಪೀಲಿಗೆ ಮೂರು ತಿಂಗಳು. ಮನೆ ಮಾನ ಹೋಗುತ್ತೆ ಅಂತ ಯಾರಾದ್ರೂ ಅಂದ್ರೆ 11 ಲಕ್ಷ ಯಾರು ಕಟ್ತೀರಿ ಅಂತ ಕೇಳಿ.

ಪ್ರಶ್ನೆ: ಹಿಂಜವಡಿಯಲ್ಲಿ ಕೆಲಸ ಮಾಡ್ತಿರೋ ನಾವಿಬ್ಬರು ಫ್ರೆಂಡ್ಸ್ ಒಂದು ಪ್ರೈವೇಟ್ ಲಿಮಿಟೆಡ್ ಮಾಡಿದ್ವಿ. ಬಿಸಿನೆಸ್ ಶುರುವೇ ಆಗಿಲ್ಲ, ವ್ಯವಹಾರ ಜೀರೋ. ಹಾಗಾದ್ರೆ ಫೈಲಿಂಗ್ ಬೇಡ ಅಲ್ವಾ?

ಉತ್ತರ: ಬೇಕು. ಕಂಪನಿ ಹುಟ್ಟಿದ ಮೇಲೆ ವ್ಯಾಪಾರ ಇರ್ಲಿ ಬಿಡ್ಲಿ ವರ್ಷಾ ವರ್ಷ ಆರ್‌ಓಸಿಗೆ (ಕಂಪನಿಗಳ ರಿಜಿಸ್ಟ್ರಾರ್) ಲೆಕ್ಕಪತ್ರದ ಎಓಸಿ-4, ವಾರ್ಷಿಕ ರಿಟರ್ನಿನ ಎಂಜಿಟಿ-7 (ಸಣ್ಣ ಕಂಪನಿ ಆದ್ರೆ 7ಎ) ಫಾರ್ಮ್ ಹೋಗ್ಬೇಕು, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಬೇರೆ. ಆರ್‌ಓಸಿ ತಡಕ್ಕೆ ಫಾರ್ಮ್ ಒಂದಕ್ಕೆ ದಿನಕ್ಕೆ 100 ರೂಪಾಯಿ, ಇದಕ್ಕೆ ಮೇಲ್ಮಿತಿ ಇಲ್ಲ. ಎರಡು ಫಾರ್ಮ್ ಒಂದು ವರ್ಷ ತಡ ಅಂದ್ರೆ 73 ಸಾವಿರ, ಏನೂ ಗಳಿಸದೆ! ಮೂರು ವರ್ಷ ಸತತ ಹಾಕದಿದ್ರೆ ಇಬ್ಬರೂ ಐದು ವರ್ಷ ಡೈರೆಕ್ಟರ್ ಆಗೋಕೆ ಅನರ್ಹರು, ಬೇರೆ ಕಂಪನಿಯಲ್ಲೂ. ನಡೆಸೋ ಮನಸ್ಸಿಲ್ಲದಿದ್ರೆ ಬಾಕಿ ಫೈಲಿಂಗ್ ಮುಗಿಸಿ ಎಸ್‌ಟಿಕೆ-2 ಅನ್ನೋ, ಹೆಸರು ತೆಗೆಸೋ ಅರ್ಜಿ ಹಾಕಿ ಕಂಪನಿ ಮುಚ್ಚಿಬಿಡಿ.

ಪ್ರಶ್ನೆ: ಅಂಧೇರಿಯಲ್ಲಿ ಪಾರ್ಟ್‌ನರ್‌ಶಿಪ್‌ನಲ್ಲಿ ಕೇಟರಿಂಗ್ ನಮ್ದು. ಗೋಡೌನ್ ಬಾಡಿಗೆ 80 ಸಾವಿರದಲ್ಲಿ 8 ಸಾವಿರ ಟಿಡಿಎಸ್ ಹಿಡೀತೀವಿ, ಆದ್ರೆ ಮೂರು ತಿಂಗಳದ್ದು ಕಟ್ಟಿಲ್ಲ, ಮದುವೆ ಸೀಸನಲ್ಲಿ ಒಟ್ಟಿಗೆ ಕಟ್ಬಹುದಾ?

ಉತ್ತರ: ಬೇಡ. ಅದು ಓನರ್ ದುಡ್ಡು, ನಿಮ್ಮ ಬಂಡವಾಳ ಅಲ್ಲ. ಹಿಡಿದು ಕಟ್ಟದಿದ್ರೆ ತಿಂಗಳಿಗೆ 1.5 ಪರ್ಸೆಂಟ್ ಬಡ್ಡಿ, ತಿಂಗಳಲ್ಲಿ ಒಂದು ದಿನ ಆದ್ರೂ ಪೂರ್ತಿ ತಿಂಗಳು. ಕ್ವಾರ್ಟರ್ ಸ್ಟೇಟ್‌ಮೆಂಟ್ ತಡ ಆದ್ರೆ ದಿನಕ್ಕೆ 200, ಅದು ಹಿಡಿದ ಟಿಡಿಎಸ್ ಮೊತ್ತ ಮುಟ್ಟೋ ತನಕ, ನಿಮ್ಮ ಕ್ವಾರ್ಟರಿನ 24 ಸಾವಿರಕ್ಕೆ 120 ದಿನದಲ್ಲಿ ಮುಟ್ಟುತ್ತೆ. ಹಿಡಿದ ಟಿಡಿಎಸ್ ಕಟ್ಟದಿದ್ರೆ ಪ್ರಾಸಿಕ್ಯೂಷನ್, ಅಂದ್ರೆ ಕ್ರಿಮಿನಲ್ ಕೇಸ್ ಆಗೋದೂ ಉಂಟು. ಸ್ಟೇಟ್‌ಮೆಂಟ್ ಹಾಕೋ ಕೊನೇ ದಿನಾಂಕದೊಳಗೆ ದುಡ್ಡು ಕಟ್ಟಿದ್ರೆ ಆ ಕೇಸಿಂದ ಪಾರು ಅಂತ 2024ರಲ್ಲಿ ತಿದ್ದುಪಡಿ ಆಗಿದೆ. ಈ ವಾರವೇ ಕಟ್ಟಿ.

ಪ್ರಶ್ನೆ: ಠಾಣೆಯಲ್ಲಿ ಟೈಲರಿಂಗ್ ಅಂಗಡಿ, ಇಬ್ಬರು ಕೆಲಸದವರು. ಜಿಎಸ್‌ಟಿ ಮಿತಿ ದಾಟಿಲ್ಲ. ಪ್ರೊಫೆಷನ್ ಟ್ಯಾಕ್ಸ್ ಬೇಕಾ?

ಉತ್ತರ: ಅದು ಮಹಾರಾಷ್ಟ್ರ ಸರ್ಕಾರದ್ದು, ಜಿಎಸ್‌ಟಿಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಹೆಸರಲ್ಲಿ ಪಿಟಿಇಸಿ (ನಿಮ್ಮದೇ ಟ್ಯಾಕ್ಸ್ ಕಟ್ಟೋ ನೋಂದಣಿ), ವರ್ಷಕ್ಕೆ 2,500, ಜೂನ್ 30ರೊಳಗೆ. ಕೆಲಸದವರ ಸಂಬಳ ಗಂಡಸಿಗೆ 7,500, ಹೆಂಗಸಿಗೆ 25 ಸಾವಿರ ದಾಟಿದ್ರೆ ಅವರ ಸಂಬಳದಿಂದ ಹಿಡಿದು ಕಟ್ಟೋಕೆ ಪಿಟಿಆರ್‌ಸಿ ಅನ್ನೋ ನೋಂದಣಿ ಬೇರೆ, ಅದರ ರಿಟರ್ನ್ ತಡ ಆದ್ರೆ 1 ಸಾವಿರ ಲೇಟ್ ಫೀ, ತಡ 30 ದಿನದೊಳಗಾದ್ರೆ 200.